ಉಪ್ಪಿಲ್ಲದ ಐದು ದಿನ

ಖಾರಗೇಟ್, ಭಾವನಗರ
ಭಾದ್ರಪದ ಶುದ್ಧ ದಶಮಿ, ಮಂಗಳವಾರ

ಚಿರಂಜೀವಿ ವಿಪುಲ್‌ಗೆ, ನಿನ್ನನ್ನು ಹೆತ್ತ ಬಾ ಮಾಡುವ ಆಶೀರ್ವಾದಗಳು.

ನಿನ್ನ ಆರೋಗ್ಯ ಹೇಗಿದೆ? ನೈರೋಬಿಯಲ್ಲಿ ಈಗ ಚಳಿಯೆಂದು ಪಕ್ಕದ ಮನೆಯ ಜಯಂತಿಭಾಯಿ ಹೇಳುತ್ತಿದ್ದರು. ಕೆಮ್ಮು ಶುರುವಾಗಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ, ನಿದ್ದೆ ಮಾಡುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋವು ಇದ್ದಲ್ಲೇ ಇದೆ. ನನ್ನನ್ನು ಬಿಟ್ಟುಹೋಗದೆ ಉಳಿದಿರುವುದು ಅದೊಂದೇ. ಫೋನು ಇರುವಾಗ ಈ ಮುದುಕಿ ಕಾಗದ ಯಾಕೆ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಎರಡು ತಿಂಗಳಿಂದ ನೋಡುತ್ತಿದ್ದೇನೆ, ಹೊತ್ತು ಗೊತ್ತಿಲ್ಲದೆ ಫೋನು ಮಾಡುತ್ತೀಯ, ಮಾಡಿದರೆ ಹೂಂ ಅನ್ನುವಷ್ಟು ಸಂದನ್ನೂ ಕೊಡುವುದಿಲ್ಲ. ಅಲ್ಲಿ ನಮ್ಮ ಕಡಲೆಹಿಟ್ಟಿನ ಗಾಠಿಯಾ ಕರಿಯುವ ಫ್ಯಾಕ್ಟರಿ ಹಾಕುತ್ತೇನೆ, ಮೊಂಬಾಸಾದಲ್ಲಿ ಸಮುದ್ರದ ದಂಡೆಯ ಮೇಲೆ ನಿನ್ನ ಹೆಸರಿನಲ್ಲಿ ಮಂದಿರ ಕಟ್ಟಿಸುತ್ತೇನೆ ಎನ್ನುತ್ತೀಯ. ನನ್ನ ಹೆಸರಿನಲ್ಲಿ ಮಂದಿರ ಕಟ್ಟಿಸುವವನು ನನ್ನ ಮಾತನ್ನು ಕೇಳಿಸಿಕೊಳ್ಳಬಾರದೇ? ಜಯಂತಿಭಾಯಿಯ ಅಳಿಯ ಇವತ್ತು ಸಂಜೆ ನಿನ್ನೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಒಂದು ಡಬ್ಬಿ ಗಾಠಿಯಾ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಕಾಗದಕ್ಕೆ ನೀನು ಅಡ್ಡಬಾಯಿ ಹಾಕಲಾರೆ, ಅದೇ ನನಗೊಂದು ಸಮಾಧಾನ.

ಅಂಗಡಿ ನಡೆಯುತ್ತಿದೆ. ಮಳೆ ಕಡಿಮೆಯಾದ ಮೇಲೆ ಬೆಳಗಿನ ಗಿರಾಕಿಗಳು ಹೆಚ್ಚಾಗಿದ್ದಾರೆ. ಗಾಠಿಯಾ ಜೊತೆ ಕೊಡುವ ಪರಂಗಿಕಾಯಿ ಸಂಭಾರೋ ತಪ್ಪಲೆ ತುಂಬ ಮಾಡಿದರೂ ಎಂಟು ಗಂಟೆಗೆಲ್ಲ ತಳ ಕಾಣುತ್ತದೆ. ಇದೆಲ್ಲ ನಿನಗೆ ಬೇಡದ ಸುದ್ದಿ ಎಂದು ಗೊತ್ತು. ನಿನಗೆ ಬೇಕಾದದ್ದು ಒಂದೇ. ಬರುವ ಭಾನುವಾರ ನಮ್ಮ ಜ್ಞಾತಿಯ ಹಿರಿಯರು ವಾಡಿಯ ಛತ್ರದಲ್ಲಿ ನ್ಯಾಯಕ್ಕೆ ಕೂಡುತ್ತಾರೆ. ಅವರ ಮುಂದೆ ನಾನು ನಿಂತು, 'ಹುಡುಗಿಗೆ ತಲೆಯ ಕಾಯಿಲೆ ಇದ್ದದ್ದನ್ನು ಅವಳ ಮನೆಯವರು ಮುಚ್ಚಿಟ್ಟು ಮದುವೆ ಮಾಡಿದರು' ಎಂದು ಹೇಳಬೇಕು. ಹೇಳಿದರೆ ನಿನ್ನ ಹೆಂಡತಿ ಊರ್ವಿ ತವರಿಗೆ ಹೋಗುತ್ತಾಳೆ, ನೀನು ಬಿಡುಗಡೆಯಾಗುತ್ತೀಯ. ಇದಕ್ಕೆ ನನ್ನ ಉತ್ತರವನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಈ ಆಷಾಢದಲ್ಲಿ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಓದು. ನಿನ್ನ ಸೋದರತ್ತೆ ಕುಂದನ್ ಫೋಯಿ ನಿನಗೆ ಹೇಳಿದ್ದೇ ಒಂದು, ನಡೆದದ್ದೇ ಒಂದು.

ಹೋದ ವರ್ಷ ಊರ್ವಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರ್ ಓಝಾಬೆನ್ ನಮ್ಮನ್ನು ಕೂರಿಸಿಕೊಂಡು ಮಾತಾಡಿದ್ದು ನಿನಗೆ ನೆನಪಿರಬೇಕು. ಕುರ್ಚಿಯಲ್ಲಿ ನೀನು ಕುಳಿತಿದ್ದೆ, ನಾನು ಬಾಗಿಲ ಹತ್ತಿರ ಬ್ಯಾಗು ಹಿಡಿದು ನಿಂತಿದ್ದೆ. ಮೊದಲು ಅವಳಿಗೆ ಲಿಥಿಯಂ ಎಂಬ ಮಾತ್ರೆ ಒಂದೇ ಇತ್ತು. ಅದೊಂದೇ ತಡೆಯಲಿಲ್ಲವೆಂದು ರಾತ್ರಿ ನುಂಗುವ ಸಣ್ಣ ಮಾತ್ರೆ ಇನ್ನೊಂದನ್ನು ಸೇರಿಸಿದ್ದರು. ನೀನು ಕೇಳಿದೆ, ಎರಡೆರಡು ಯಾಕೆ ಎಂದು. 'ಒಂದು, ಮನಸ್ಸು ಏರದಂಗೆ ಇಳೀದಂಗೆ ವರ್ಷಾನುಗಟ್ಲೆ ಹಿಡಿದಿಡತ್ತೆ. ಇನ್ನೊಂದು, ಏರಿಬಿಟ್ಟಿದ್ದನ್ನ ಬೇಗ ಇಳಿಸತ್ತೆ, ಮತ್ತೆ ಏರದಂಗೆ ಅದಕ್ಕೆ ಜೊತೆಯಾಗಿ ನಿಲ್ಲತ್ತೆ. ಒಂಟಿಯಾಗಿ ಇಬ್ಬರ ಕೈಲೂ ಆಗದ ಕೆಲಸ ಇಬ್ಬರೂ ಸೇರಿದ್ರೆ ಆಗತ್ತೆ' ಎಂದರು. ನನಗೆ ತಕ್ಷಣ ಅರ್ಥವಾಯಿತು. ಎಣ್ಣೆ ಹೊತ್ತಿಕೊಳ್ಳುವ ಹಾಗಾದರೆ ಮೊದಲು ಬಾಣಲೆ ಇಳಿಸಬೇಕು, ಆಮೇಲೆ ದಿನವಿಡೀ ಉರಿಯನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳಬೇಕು. ಎರಡೂ ಕೆಲಸ ಗೊತ್ತಿಲ್ಲದವನು ಗಾಠಿಯಾ ಕರಿಯಲಾರ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ರಕ್ತ ಪರೀಕ್ಷೆ ತಪ್ಪಿಸಬಾರದು, ನೀರು ಚೆನ್ನಾಗಿ ಕುಡಿಯಬೇಕು, ಊಟದಲ್ಲಿ ಉಪ್ಪನ್ನು ಇದ್ದಕ್ಕಿದ್ದಂತೆ ಬಿಡಬಾರದು ಎಂದು. ನನ್ನನ್ನು ಅಷ್ಟರಲ್ಲಿ ನರ್ಸು ಬಿಲ್ಲಿಗೆ ಕರೆದಳು, ಉಪ್ಪಿನ ಮಾತು ನನ್ನ ಕಿವಿಗೆ ಬೀಳಲಿಲ್ಲ. ನಿನ್ನ ಕಿವಿಗೆ ಬಿದ್ದಿತ್ತು. ನೀನು ತಲೆಯಾಡಿಸಿದೆ ಎಂದು ಓಝಾಬೆನ್ ಈಗ ಹೇಳುತ್ತಾರೆ.

ಮಾತ್ರೆಗಳಿಂದ ಅವಳು ದಪ್ಪಗಾದಳು, ನಿಜ. ಬೆಳಗ್ಗೆ ಏಳುವಾಗ ಮಂಕು, ಕೈಬೆರಳಲ್ಲಿ ಸಣ್ಣ ನಡುಕ, ಎಷ್ಟು ನೀರು ಕುಡಿದರೂ ಬಾಯಾರಿಕೆ. ಆದರೆ ಅವಳು ನೆಟ್ಟಗಿದ್ದಳು ಕಣೋ. ಅಂಗಡಿಯಲ್ಲಿ ನನ್ನ ಪಕ್ಕ ಕುಳಿತು ಹಿಟ್ಟು ಹೊಸೆಯುತ್ತಿದ್ದಳು, ಗಿರಾಕಿಗಳನ್ನು ರೇಗಿಸುತ್ತಿದ್ದಳು. ದೀಪಾವಳಿ ಮುಗಿಸಿ ನೀನು ವಿಮಾನ ಹತ್ತಿದೆ. ಅಲ್ಲಿಂದ ವಿಡಿಯೋದಲ್ಲಿ ಅವಳ ಮುಖ ನೋಡಿ ನೀನು ಹೇಳುತ್ತಿದ್ದ ಮಾತು ನಾನು ಅಡುಗೆಮನೆಯಲ್ಲಿದ್ದರೂ ಕೇಳುತ್ತಿತ್ತು. 'ಏನೇ ಇದು, ತುಪ್ಪದ ಡಬ್ಬಿ ಆಗಿದ್ದೀಯಲ್ಲ! ರಾತ್ರಿ ಮಾತ್ರೆ ಬಿಡು. ಒಂದು ಮಾತ್ರೆ ಕಾಯಿಲೆಯವರಿಗೆ, ಎರಡು ಮಾತ್ರೆ ಹುಚ್ಚರಿಗೆ. ಹುಚ್ಚೀನ ಕರ್ಕೊಂಡು ಬಂದ್ರೆ ಇಲ್ಲಿ ನನ್ನ ಮರ್ಯಾದೆ ಏನಾಗತ್ತೆ?' ಎಂಥ ಮಾತು! ಅವಳು ಜ್ಯೇಷ್ಠದಲ್ಲಿ ರಾತ್ರಿಯ ಮಾತ್ರೆ ಬಿಟ್ಟಳು. ನನಗೆ ಹೇಳಲಿಲ್ಲ. ಸೊಸೆ ಬೆಳಗಿನ ಜಾವಕ್ಕೇ ಎದ್ದು ಮನೆಯೆಲ್ಲ ತೊಳೆಯುತ್ತಿದ್ದಾಳೆ, ಹಾಡಿಕೊಂಡು ಎಂಟು ಬಗೆ ಉಪ್ಪಿನಕಾಯಿ ಹಾಕುತ್ತಿದ್ದಾಳೆ ಎಂದು ನಾನು ಹಿಗ್ಗಿದೆ. ನನಗೆ ಹಿಗ್ಗಲು ನಾಚಿಕೆಯಾಗಬೇಕಿತ್ತು. ನಿನ್ನ ಅಪ್ಪನೂ ಹೀಗೇ ಒಂದು ವಾರ ನಿದ್ದೆ ಬಿಟ್ಟು ಅಂಗಡಿಗೆಲ್ಲ ಹಸಿರು ಬಣ್ಣ ಬಳಿದು, ಬೀದಿಗೆಲ್ಲ ಪುಕ್ಕಟೆ ಗಾಠಿಯಾ ಹಂಚಿದ್ದರಲ್ಲ, ನೀನು ಆಗ ಅವರ ಹೆಗಲ ಮೇಲೆ ಕುಳಿತು ಕೇಕೆ ಹಾಕುತ್ತಿದ್ದೆ. ಊರಿನವರು ಅದನ್ನು ಉಷ್ಣ ಎಂದರು. ಆ ಚಳಿಗಾಲ ಪೂರ್ತಿ ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಹೋಳಿಯ ಹೊತ್ತಿಗೆ ಘೋಘಾದ ಸಮುದ್ರದ ದಂಡೆಯಲ್ಲಿ ಅವರ ಚಪ್ಪಲಿ ಸಿಕ್ಕಿತು. ಅವರಿಗೆ ಒಂದು ಮಾತ್ರೆಯನ್ನಾದರೂ ಕೊಡುವವರು ಆ ಕಾಲದಲ್ಲಿ ನಮಗೆ ಗೊತ್ತಿರಲಿಲ್ಲ.

ಆಷಾಢ ಬಂತು. ಜಯಾ ಪಾರ್ವತಿ ವ್ರತದ ಗೋಧಿ ಬಿತ್ತುವ ದಿನ ಕುಂದನ್ ಫೋಯಿ ತನ್ನ ಚೀಲದೊಂದಿಗೆ ಬಂದು ಇಳಿದಳು. ಊರ್ವಿಯ ಐದು ವರ್ಷದ ವ್ರತದಲ್ಲಿ ನಾಲ್ಕು ಮುಗಿದಿತ್ತು, ಐದನೆಯದು ಹೋದ ವರ್ಷ ಆಸ್ಪತ್ರೆಯಿಂದಾಗಿ ತಪ್ಪಿತ್ತು. 'ಅರ್ಧಕ್ಕೆ ಬಿಟ್ಟ ವ್ರತ ಕಣೇ, ಅದಕ್ಕೇ ತಲೆ ಕೆಟ್ಟಿರೋದು. ಮಾತ್ರೆ ನುಂಗಿಬಿಟ್ರೆ ಗೌರಿ ಸುಮ್ನಿರ್ತಾಳಾ?' ಎಂದು ಫೋಯಿ ಶುರು ಮಾಡಿದಳು. ಈ ಹುಡುಗಿಗೆ ನಿಶ್ಶಕ್ತಿ, ಮುಂದಿನ ವರ್ಷ ನೋಡೋಣ ಎಂದು ನಾನು ಅಂದೆ. ಫೋಯಿ ನಿನಗೆ ಫೋನು ಹಚ್ಚಿದಳು. ನೀನು ಏನು ಹೇಳಿದೆ ಎಂದು ನಾನೇ ಬರೆಯಬೇಕೇ? 'ವ್ರತ ಮುಗಿಸು, ಉದ್ಯಾಪನೆ ಮಾಡು, ಟಿಕೆಟ್ ಕಳಿಸ್ತೀನಿ' ಎಂದೆ. ಗಂಡನ ಆಯುಸ್ಸಿಗಾಗಿ ಹೆಂಡತಿ ಐದು ದಿನ ಉಪ್ಪು ಬಿಡುವ ವ್ರತ. ಆ ಗಂಡನೇ ಬಾಯಿ ತೆರೆದು ಕೇಳಿದ ಮೇಲೆ ಯಾವ ಹೆಂಗಸು ಒಲ್ಲೆ ಎನ್ನುತ್ತಾಳೆ? ಅವಳು ಬುಟ್ಟಿಯಲ್ಲಿ ಗೋಧಿ ಬಿತ್ತಿದಳು, ಹತ್ತಿಯ ಹಾರ ಮಾಡಿದಳು, ಉಪ್ಪು ಬಿಟ್ಟಳು. ಇಡೀ ಮನೆ ಕರಿದ ಗಾಠಿಯಾದ ವಾಸನೆಯಿಂದ ತುಂಬಿರುತ್ತಿತ್ತು, ಅವಳು ಮೂಲೆಯಲ್ಲಿ ಕುಳಿತು ಸಪ್ಪೆ ಹಾಲು ಹಣ್ಣು ತಿನ್ನುತ್ತಿದ್ದಳು. ಸೆಕೆಗೆ ಬೆವರು ಸುರಿಯುತ್ತಿತ್ತು. ಬೆಳಗಿನ ಲಿಥಿಯಂ ಮಾತ್ರೆಯನ್ನು ಮಾತ್ರ ನಿಯತ್ತಾಗಿ ನುಂಗುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಅಂಗಡಿಯಿಂದ ಊಟಕ್ಕೆ ಬಂದರೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಹೆಂಗಸರು, ತೆಂಗಿನಕಾಯಿ, ಊದುಬತ್ತಿ. ನಡುವೆ ಊರ್ವಿ. ತಲೆ ತೂಗುತ್ತಿದೆ, ಕೈಕಾಲು ದಡದಡ ನಡುಗುತ್ತಿವೆ, ನಾಲಿಗೆ ತೊದಲುತ್ತಿದೆ. ಅವಳ ಕಾಲಿಗೆ ಕುಂಕುಮ ಹಚ್ಚಿದ್ದಾರೆ! ಫೋಯಿ ಕೈಮುಗಿದು ಮುಂದೆ ಕುಳಿತಿದ್ದಾಳೆ. 'ಮಾತಾಜಿ, ನನ್ನ ಮಗನ ವೀಸಾ ಯಾವಾಗ ಬರತ್ತೆ, ಹೇಳಿ ತಾಯಿ' ಎಂದು ಕೇಳುತ್ತಿದ್ದಾಳೆ. ತಪಸ್ಸಿಗೆ ಮೆಚ್ಚಿ ದೇವಿ ಮೈಮೇಲೆ ಬಂದಿದ್ದಾಳಂತೆ. ಬೆಳಗಿನಿಂದ ಬಂದಿದ್ದಾಳಂತೆ, ಬೀದಿಯೆಲ್ಲ ದರ್ಶನಕ್ಕೆ ಬಂದು ಹೋಗಿದೆಯಂತೆ. ಅಷ್ಟರಲ್ಲಿ ಊರ್ವಿ ಫೋಯಿಯ ಮುಗಿದ ಕೈಗಳ ಮೇಲೆಯೇ ವಾಂತಿ ಮಾಡಿದಳು. ವೀಸಾದ ವಿಷಯಕ್ಕೆ ಆ ದಿನ ಸಿಕ್ಕ ಸರಿಯಾದ ಉತ್ತರ ಅದೊಂದೇ. ನನ್ನನ್ನು ನೋಡಿ ಅವಳು ಕಷ್ಟಪಟ್ಟು ಒಂದೊಂದೇ ಅಕ್ಷರ ಜೋಡಿಸಿ, 'ಬಾ... ನೆಲ ನಿಲ್ತಾ ಇಲ್ಲ' ಎಂದಳು. ನಾನು ಆರತಿ ತಟ್ಟೆಯನ್ನು ಒದ್ದು ರಿಕ್ಷಾ ಕರೆಸಿದೆ. ಒದ್ದದ್ದು ಪಾಪವಾದರೆ ಆಗಲಿ, ಆ ಪಾಪ ನನಗಿರಲಿ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿ ಓಝಾಬೆನ್ ಕೇಳಿದ ಮೊದಲ ಪ್ರಶ್ನೆ, 'ಇವಳಿಗೆ ಉಪ್ಪು ಬಿಡಿಸಿದ್ದು ಯಾರು?' ಆ ಲಿಥಿಯಂ ಕೂಡ ಒಂದು ಬಗೆಯ ಉಪ್ಪೇ ಅಂತೆ. ಮೈಗೆ ಊಟದ ಉಪ್ಪು ಸಿಗದಿದ್ದರೆ ಮೂತ್ರಪಿಂಡ ಲಿಥಿಯಂ ಅನ್ನೇ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಅದು ರಕ್ತದಲ್ಲಿ ಏರಿ ವಿಷವಾಗುತ್ತದೆ. ಹಿಂದಿನ ನಾಲ್ಕು ವ್ರತಗಳಲ್ಲಿ ಮಾತ್ರೆಯ ಪ್ರಮಾಣ ಕಡಿಮೆಯಿತ್ತೆಂದು ಬಚಾವಾಗಿದ್ದಳಂತೆ. ಗುಣ ಮಾಡುವ ಮಾತ್ರೆಯೇ ಅವಳನ್ನು ಕೊಲ್ಲಲು ಹೊರಟಿತ್ತು. ಬಾಟಲಿ ಬಾಟಲಿ ಉಪ್ಪುನೀರನ್ನು ನರಕ್ಕೆ ಏರಿಸಿದರು. ಜೀವ ಉಳಿಯುತ್ತದೋ ಇಲ್ಲವೋ ಎಂದು ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಗ ನಿನಗೆ ಫೋನು ಮಾಡಿದೆ. ನೀನು ಎತ್ತಿ, ಫ್ಯಾಕ್ಟರಿಗೆ ಎಂಥ ಯಂತ್ರ ತರಿಸುತ್ತೇನೆಂದು ಹೇಳಿ ಇಟ್ಟುಬಿಟ್ಟೆ. ಆಮೇಲೆ ಅವಳಿಗೆ ಮಾತು ಬಂದ ಮೇಲೆ ನಾನು ಕೇಳಿದೆ, ಉಪ್ಪಿನ ವಿಷಯ ನಿನಗೆ ಗೊತ್ತಿರಲಿಲ್ಲವೇ ಎಂದು. 'ಗೊತ್ತಿತ್ತು ಬಾ. ಐದೇ ದಿನ ಅಲ್ವಾ, ತಡ್ಕೊಂಡ್ರೆ ಕರ್ಕೊಂಡು ಹೋಗ್ತಾರೆ ಅಂದ್ಕೊಂಡೆ' ಎಂದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನೀನು ಎದುರಿಗಿದ್ದರೆ ಗಾಠಿಯಾ ಎತ್ತುವ ಜಾಲರಿ ಸೌಟಿನಲ್ಲೇ ಬಾರಿಸುತ್ತಿದ್ದೆ.

ಅಲ್ಲಿಗೂ ಮುಗಿಯಲಿಲ್ಲ. ವಿಷ ಇಳಿಯಲೆಂದು ಲಿಥಿಯಂ ನಿಲ್ಲಿಸಿದರು; ರಾತ್ರಿಯ ಮಾತ್ರೆಯನ್ನು ನಿನ್ನ ದಯೆಯಿಂದ ಅವಳು ಮೊದಲೇ ಬಿಟ್ಟಿದ್ದಳು. ಹಿಡಿಯುವ ಕೈ ಎರಡೂ ಹೋದವು. ವಾರ ಕಳೆಯುವುದರೊಳಗೆ ಅವಳು ವಾರ್ಡಿನ ನಡುವೆ ಗರಬಾ ಕುಣಿದಳು, ಪಕ್ಕದ ಹಾಸಿಗೆಯ ಮುದುಕಿಗೆ ಮಂಗಳಸೂತ್ರ ಬಿಚ್ಚಿ ಕೊಟ್ಟಳು, ನೋಡಲು ಬಂದ ಜ್ಞಾತಿಯ ಹಿರಿಯರಲ್ಲೊಬ್ಬರಾದ ಮಗನ್‌ಕಾಕಾರಿಗೆ, 'ನಿಮ್ಮ ಹಲ್ಲಿನ ಸೆಟ್ಟಿಗಿಂತ ನಿಮ್ಮ ನ್ಯಾಯ ಸಡಿಲ' ಎಂದಳು. ಅದು ಕಾಯಿಲೆಯ ಮಾತು ಎಂದು ನಾನು ಕ್ಷಮೆ ಕೇಳಿದೆ. ಮನಸ್ಸಿನಲ್ಲಿ ಕೇಳಲಿಲ್ಲ. ಈ ಕುಣಿತವನ್ನು ಫೋಯಿ ತನ್ನ ಫೋನಿನಲ್ಲಿ ಹಿಡಿದು ನಿನಗೆ ಕಳಿಸಿದಳು, ನೀನು ಅದನ್ನೇ ಸಾಕ್ಷಿ ಮಾಡಿಕೊಂಡು ಹಿರಿಯರಿಗೆ ಕಳಿಸಿದೆ. ಬೆಂಕಿ ಹಚ್ಚಿದವನೇ ಹೊಗೆಯ ಫೋಟೋ ತೋರಿಸಿದ ಹಾಗೆ.

ಓಝಾಬೆನ್ ಮೊದಲು ರಾತ್ರಿಯ ಮಾತ್ರೆಯನ್ನು ಕೊಟ್ಟು ಅವಳನ್ನು ಇಳಿಸಿದರು. ರಕ್ತ ಸರಿಹೋದ ಮೇಲೆ ಲಿಥಿಯಂ ಅನ್ನು ಸ್ವಲ್ಪಸ್ವಲ್ಪವೇ ಮತ್ತೆ ಶುರು ಮಾಡಿದರು. ಈ ಸಲ ರಾತ್ರಿಯದನ್ನು ಬದಲಿಸಿ, ಮೈ ಅಷ್ಟು ಊದಿಸದ ಬೇರೆ ಮಾತ್ರೆ ಬರೆದಿದ್ದಾರೆ. 'ತೂಕ ಹೆಚ್ತು ಅಂತ ನನ್ನ ಹತ್ರ ಬಂದು ಜಗಳ ಆಡಬೇಕಿತ್ತಮ್ಮ, ಮಾತ್ರೆ ಹತ್ರ ಅಲ್ಲ' ಎಂದು ಅವಳ ಕೆನ್ನೆ ತಟ್ಟಿದರು. ಈಗ ಅವಳು ಮನೆಗೆ ಬಂದಿದ್ದಾಳೆ. ಕೈಯ ಸಣ್ಣ ನಡುಕ ಹೋಗಿಲ್ಲ, ಅವಳು ಹೊಸೆದ ಗಾಠಿಯಾ ಒಂದು ದಪ್ಪ ಒಂದು ಸಣ್ಣ ಬರುತ್ತದೆ. ಬೆಳಗಿನ ಗಿರಾಕಿಗಳು ಅದನ್ನೇ ಆರಿಸಿ ಹಾಕಿಸಿಕೊಳ್ಳುತ್ತಾರೆ. ಎರಡು ಮಾತ್ರೆಗಳನ್ನೂ ಅವಳು ನನ್ನೆದುರಿಗೇ ನುಂಗುತ್ತಾಳೆ. ಬುಟ್ಟಿಯಲ್ಲಿ ಬಿತ್ತಿದ ಗೋಧಿ ಒಣಗಿತ್ತು, ನಾನೇ ಕೆರೆಗೆ ಬಿಟ್ಟು ಬಂದೆ. ಪಾರ್ವತಿಗೂ ಹೆಣ್ಣುಮಕ್ಕಳ ಕಷ್ಟ ಗೊತ್ತು, ಅವಳ ಜೊತೆ ನಾನು ಮಾತಾಡಿಕೊಳ್ಳುತ್ತೇನೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಹುಡುಗಿ ನೋಡಲು ನಾವು ಬೋಟಾದಿಗೆ ಹೋಗಿದ್ದೆವಲ್ಲ, ನಿಮ್ಮಿಬ್ಬರನ್ನು ಮಾತಾಡಲು ಮಾಳಿಗೆಗೆ ಕಳಿಸಿದ್ದರು. ನೀನು ಕೆಳಗಿಳಿದು ಬಂದು, ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದ್ದು ನನಗೆ ಈಗಲೂ ಕೇಳುತ್ತಿದೆ. 'ಬಾ, ಕಾಲೇಜಿನಲ್ಲಿದ್ದಾಗ ಅವಳಿಗೆ ಕಾಯಿಲೆ ಆಗಿತ್ತಂತೆ, ಮಾತ್ರೆ ತಗೋತಾಳಂತೆ. ಅವಳೇ ಹೇಳಿದ್ಳು. ಇಷ್ಟು ಧೈರ್ಯ ಇರೋ ಹುಡುಗೀನೇ ಬೇಕು ನಂಗೆ.' ಆ ಹೊತ್ತು ನನ್ನ ಮಗನ ಬಗ್ಗೆ ನನಗೆ ಎಂಥ ಹೆಮ್ಮೆಯಾಗಿತ್ತು ಗೊತ್ತೇ? ಆ ಮಗನನ್ನು ನೀನು ಎಲ್ಲಿ ಬಿಟ್ಟುಬಂದೆ? ಭಾನುವಾರ ನಾನು ವಾಡಿಗೆ ಹೋಗುತ್ತೇನೆ. ಇದೇ ಮಾತನ್ನು ಎಲ್ಲರೆದುರು ಹೇಳುತ್ತೇನೆ. ಮುಚ್ಚಿಟ್ಟವರು ಯಾರೂ ಇಲ್ಲ, ಗೊತ್ತಿದ್ದೂ ಕೈಬಿಟ್ಟವನು ಒಬ್ಬನಿದ್ದಾನೆ, ಅವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಎನ್ನುತ್ತೇನೆ. ನಿನಗೆ ಅವಳು ಬೇಡವಾದರೆ ಬೇಡವೆಂದು ನೀನೇ ಬಂದು ಅವಳ ಮುಖ ನೋಡಿ ಹೇಳು. ಅವಳು ಎಲ್ಲಿಗೂ ಹೋಗುವುದಿಲ್ಲ. ಈ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಬೇಕೆಂದರೆ ಅದು ನಿನ್ನದಾಗುತ್ತದೆ.

ಬೆಚ್ಚಗೆ ಹೊದ್ದುಕೋ. ಹೊರಗಿನ ನೀರು ಕುಡಿಯಬೇಡ. ರತಿಲಾಲ್‌ಭಾಯಿಗೂ ಅವರ ಮನೆಯವರಿಗೂ ನನ್ನ ಜೈ ಶ್ರೀಕೃಷ್ಣ ತಿಳಿಸು. ನಿನಗೆ ಕೆಲಸ ಕೊಟ್ಟ ಮನುಷ್ಯ, ಅವರ ಹತ್ತಿರ ಗರ್ವದಿಂದ ನಡೆದುಕೊಳ್ಳಬೇಡ. ಎಷ್ಟು ಬೈದರೂ ಬಾಯಲ್ಲಿ ಕೊನೆಗೆ ಬರುವುದು ಚೆನ್ನಾಗಿರು ಎಂಬುದೇ. ಹಾಳು ತಾಯಿಕರುಳು.

ಇಂತು ನಿನ್ನ ಬಾ,
ಜಶುಮತಿ

ತಾ.ಕ. ಜಯಂತಿಭಾಯಿಯ ಅಳಿಯ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಡಬ್ಬಿ ಕಟ್ಟುತ್ತಿದ್ದಾಗ ನೀನು ಕಳಿಸಿದ ಧ್ವನಿ ಸಂದೇಶ ಬಂತು. ನನ್ನ ಕೈಯೆಲ್ಲ ಎಣ್ಣೆ, ಊರ್ವಿ ಫೋನು ಹಿಡಿದು ಕೇಳಿಸಿದಳು. ರತಿಲಾಲ್‌ಭಾಯಿಯ ಮುಖಕ್ಕೆ ಬೀಗದ ಕೈ ಎಸೆದು ಕೆಲಸ ಬಿಟ್ಟೆಯಂತೆ, ಫ್ಯಾಕ್ಟರಿಗೆಂದು ಮೂರು ಮಹಡಿಯ ಕಟ್ಟಡದ ವ್ಯಾಪಾರ ಮಾತಾಡಿದೆಯಂತೆ, ಶನಿವಾರದಿಂದ ಕಣ್ಣು ಮುಚ್ಚಿಲ್ಲವಂತೆ, ನಿದ್ದೆ ಬಡವರಿಗೆ ಮಾತ್ರವಂತೆ. ನಾನು ಬೈಯಲು ಬಾಯಿ ತೆರೆದೆ. ಊರ್ವಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟು ಇನ್ನೊಮ್ಮೆ ಕೇಳಿದಳು. 'ಬೈಬೇಡಿ ಬಾ. ಇದು ಕೊಬ್ಬಲ್ಲ. ನಾನು ಏರಿದಾಗ ಹೀಗೇ ಮಾತಾಡ್ತಿದ್ದೆ' ಎಂದಳು. ಆಗ ನನಗೆ ಹಸಿರು ಬಣ್ಣ ಬಳಿಯುತ್ತಿದ್ದ ನಿನ್ನ ಅಪ್ಪನ ದನಿ ಕೇಳಿಸಿತು, ಕೈಯ ಎಣ್ಣೆ ಒರೆಸಿಕೊಂಡು ಮತ್ತೆ ಪೆನ್ನು ಹಿಡಿದೆ. ನಾವಿಬ್ಬರೂ ಡಾಕ್ಟರಲ್ಲ, ತಪ್ಪೂ ಇರಬಹುದು. ಆದರೆ ಈ ಕಾಗದ ಸಿಕ್ಕ ದಿನವೇ ಡಾಕ್ಟರ ಹತ್ತಿರ ಹೋಗು. ಕಾಗದ ತಲುಪುವವರೆಗೂ ಕಾಯುವುದಿಲ್ಲ, ರತಿಲಾಲ್‌ಭಾಯಿಗೆ ಈಗಲೇ ಫೋನು ಮಾಡಿ, ಕಾಲು ಹಿಡಿದು, ನಿನ್ನನ್ನು ಒಬ್ಬನೇ ಬಿಡಬೇಡಿ ಎನ್ನುತ್ತೇನೆ. ಒಂದು ಮಾತ್ರೆ ಕೊಟ್ಟರೆ ಒಂದು ನುಂಗು, ಎರಡು ಕೊಟ್ಟರೆ ಎರಡೂ ನುಂಗು. ಮೊಂಬಾಸಾ ಸಮುದ್ರದ ಕಡೆ ಹೋಗಬೇಡ. ಭಾನುವಾರ ವಾಡಿಯಲ್ಲಿ ನಾನು ಹೇಳುವುದನ್ನು ಹೇಳಿಯೇ ಹೇಳುತ್ತೇನೆ, ಅದು ಬೇರೆ, ಇದು ಬೇರೆ. ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಹೆದರಿಕೆಯಾದರೆ ಊರ್ವಿ ಬರುತ್ತಾಳಂತೆ. ಹೆಂಡತಿಯಾಗಿ ಅಲ್ಲ, ದಾರಿ ಗೊತ್ತಿದ್ದವಳಾಗಿ ಎಂದು ಬರೆಯಲು ಹೇಳಿದಳು. ಡಬ್ಬಿಯಲ್ಲಿರುವ ಗಾಠಿಯಾ ಅವಳು ಹೊಸೆದದ್ದು. ಉಪ್ಪು ಸರಿಯಾಗಿದೆ. ತಿನ್ನು, ತಿಂದು ಮಲಗು.